ಉಪಚಾರಪ್ಪ ಹೊತ್ತ ಹಂದರ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಸಂಬಳದ ಚೀಟಿಯ ಮೇಲೆ ಈಗಲೂ ಇದೆ. ಆದರೆ ನೀರು ಸರಬರಾಜು ಕಚೇರಿಗೆ ಸೇರಿದ ಹೊಸದರಲ್ಲೇ ಸಹೋದ್ಯೋಗಿಗಳು ಅವನಿಗೆ ಉಪಚಾರಪ್ಪ ಎಂದು ಇನ್ನೊಮ್ಮೆ ನಾಮಕರಣ ಮಾಡಿದರು. ಆ ಹೆಸರು ಕಚೇರಿಯಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದು, ಕೋಪ ಬಂದಾಗ ಹೆಂಡತಿಯೂ ಹಾಗೆಯೇ ಕರೆಯುವಷ್ಟು ಗಟ್ಟಿಯಾಯಿತು.

ಹೆಸರಿಗೆ ಕಾರಣವಿತ್ತು. ಯಾರಾದರೂ ಭಾರ ಎತ್ತುವುದು ಕಂಡರೆ ಸಾಕು, ಇವನು ಕುರ್ಚಿಯಿಂದ ಅರ್ಧ ಎದ್ದು "ನಾನು ಹಿಡೀಲಾ?" ಎನ್ನುತ್ತಿದ್ದ. ಅವರು "ಅಯ್ಯೋ ಬೇಡ ಬೇಡ, ನಿಮಗ್ಯಾಕೆ ತೊಂದರೆ" ಎನ್ನುತ್ತಿದ್ದರು. ಇವನು ಉಳಿದರ್ಧ ಏಳದೆ ಕೂತುಬಿಡುತ್ತಿದ್ದ. ಎತ್ತಿದವರಿಗೆ ಭಾರ, ಇವನಿಗೆ ಒಳ್ಳೆಯವನೆಂಬ ಹೆಸರು. ಇದರಲ್ಲಿ ಮೋಸವೇನೂ ಇಲ್ಲ, ಮರ್ಯಾದಸ್ಥರು ನಡೆದುಕೊಳ್ಳುವುದೇ ಹೀಗೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಬೇಡ ಅನ್ನಬೇಕು. ಆದರೆ ಇವನನ್ನೇ ಯಾರಾದರೂ ಏನಾದರೂ ಮಾಡಿಕೊಡಿ ಎಂದು ಕೇಳಿದರೆ ಮಾತ್ರ ಬೇಡ ಎನ್ನುವ ಶಬ್ದ ಇವನ ಬಾಯಿಂದ ಹೊರಡುತ್ತಿರಲಿಲ್ಲ. ಅಷ್ಟು ದಾಕ್ಷಿಣ್ಯ. ಎಲ್ಲದಕ್ಕೂ "ಆಗಲಿ" ಎನ್ನುತ್ತಿದ್ದ. ಆಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಈ ಉಪಚಾರಕ್ಕೆ ಸಾಕ್ಷಿಯಾಗಿ ಅವನ ನಡುಮನೆಯಲ್ಲಿ ಒಂದು ಉಕ್ಕಿನ ಬೀರು ನಿಂತಿತ್ತು. ಅತ್ತೆ ತಮ್ಮ ಮಗಳ ಮನೆಗೆ ಬಂದು ಇರತೊಡಗಿದಾಗ ಜೊತೆಗೆ ಬಂದದ್ದು. ಲಾರಿಯವರು ಅದನ್ನು ನಡುಮನೆಯ ನಟ್ಟನಡುವೆ ಇಳಿಸಿ ಹೋಗಿದ್ದರು, ಅಲ್ಲಿಂದ ಅತ್ತೆಯ ಕೋಣೆಗೆ ಅದು ಹೋಗಲೇ ಇಲ್ಲ. ಹೆಂಡತಿಯ ಅಕ್ಕನ ಗಂಡ, ಎಂದರೆ ನಮ್ಮ ಉಪಚಾರಪ್ಪನ ಷಡ್ಡಕ, ಬಂದಾಗಲೆಲ್ಲ ಅಂಗಿಯ ತೋಳು ಮಡಿಸುತ್ತ "ಎತ್ತಿಟ್ಟುಬಿಡೋಣ್ವಾ?" ಎನ್ನುತ್ತಿದ್ದ. ಉಪಚಾರಪ್ಪ "ಬೇಡ ಭಾವ, ನಿಮಗ್ಯಾಕೆ ತೊಂದರೆ, ನಾನೇ ಯಾರನ್ನಾದ್ರೂ ಕರೆಸ್ತೀನಿ" ಎನ್ನುತ್ತಿದ್ದ. ಷಡ್ಡಕ ತೋಳು ಇಳಿಸುತ್ತಿದ್ದ. ಮನೆಮಂದಿಯೆಲ್ಲ ಅಡುಗೆಮನೆಗೆ ಹೋಗಬೇಕಾದರೆ ಬೀರುವಿನ ಪಕ್ಕ ಅಡ್ಡಡ್ಡ ತಿರುಗಿ, ಉಸಿರು ಹಿಡಿದು ದಾಟುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಆ ಷಡ್ಡಕ ಊಟಕ್ಕೆ ಬಂದ. ಅವನು ವಿಮಾ ಕಂಪನಿಯಲ್ಲಿದ್ದ, ಬಡ್ತಿ ಸಿಕ್ಕಿತ್ತು. ಇಡೀ ವಲಯ ತನ್ನ ಕೈಕೆಳಗೆ ಬಂದ ಸಂಗತಿಯನ್ನು ಮೊದಲ ತುತ್ತಿಗೆ ಶುರುಮಾಡಿ ಕೈ ತೊಳೆಯುವವರೆಗೂ ಹೇಳಿದ. ಕೈ ಒರೆಸಿಕೊಳ್ಳುತ್ತ ಇನ್ನೊಂದು ಸಲ ಸಂಕ್ಷೇಪವಾಗಿ ಹೇಳಿದ. ಅತ್ತೆಗೆ ಖುಷಿಯಾಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಚಿಕ್ಕ ಅಳಿಯನ ಕಡೆ ತಿರುಗಿ, "ನಿಮ್ಮ ಕೈಕೆಳಗೆ ಏನಿದೆ ಅಳಿಯಂದ್ರೇ?" ಎಂದು ಕೇಳಿದರು.

ಅವನ ಕೈಕೆಳಗೆ ಒಂದು ಕೀಲಿಮಣೆ ಇತ್ತು. ಅದರಲ್ಲೂ ಒಂದು ಕೀಲಿ ಕೆಲಸ ಮಾಡುತ್ತಿರಲಿಲ್ಲ. ಷಡ್ಡಕ ಮುಗುಳ್ನಗುತ್ತಿದ್ದ. ಉಪಚಾರಪ್ಪನಿಗೆ ಎಲ್ಲಿತ್ತೋ ಒಂದು ರೋಷ ಬಂತು.

"ಹಂದರ ಅಂತ ಒಂದಿದೆ ಅತ್ತೆ. ಲೋಕದಲ್ಲಿ ಲಕ್ಷಾಂತರ ವೆಬ್‌ಸೈಟುಗಳು ಅದರ ಮೇಲೇ ನಿಂತಿವೆ. ಅದರ ಮುಂದಿನ ಆವೃತ್ತಿ ಹೇಗಿರಬೇಕು, ಯಾವಾಗ ಬರಬೇಕು ಅಂತ ತೀರ್ಮಾನ ಮಾಡೋರಲ್ಲಿ ನಾನೂ ಒಬ್ಬ" ಎಂದುಬಿಟ್ಟ.

ಈ ಮಾತಿನಲ್ಲಿ ಎಷ್ಟು ನಿಜ ಎಂಬುದನ್ನು ಇಲ್ಲಿ ವಿಚಾರಿಸಬೇಕು. ಹಂದರ ಎನ್ನುವುದು ವೆಬ್‌ಸೈಟು ಕಟ್ಟುವವರಿಗೆ ಬಿಟ್ಟಿ ಸಿಗುವ ಒಂದು ಸಿದ್ಧ ಚೌಕಟ್ಟು. ಅದು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಒಳಗೆ ಕೈಹಾಕಿ ತಿದ್ದಬಹುದು, ಮುಂದೆ ಅದು ಹೇಗಿರಬೇಕೆಂದು ಎಲ್ಲರೂ ಓದುವ ಕಟ್ಟೆಯಲ್ಲಿ ಬರೆಯಬಹುದು. ಬಳಸುವವರು ಲಕ್ಷಾಂತರ ಜನ, ನೋಡಿಕೊಳ್ಳುವವರು ಬೆರಳೆಣಿಕೆ, ಸಂಬಳ ಒಬ್ಬರಿಗೂ ಇಲ್ಲ. ನಮ್ಮ ಉಪಚಾರಪ್ಪ ಒಮ್ಮೆ ಅದರ ಕೈಪಿಡಿಯಲ್ಲಿ ಎರಡು ಸಲ ಬಂದಿದ್ದ ಒಂದೇ ಸಾಲನ್ನು ಅಳಿಸಿದ್ದ. ಯಾರೋ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ ವಂದಿಸಿದ್ದರು. ಆ ಹೆಬ್ಬೆರಳು ಅವನ ಫೋನಿನಲ್ಲಿ ಭದ್ರವಾಗಿತ್ತು. ಯಾರು ಬೇಕಾದರೂ ಮಾತಾಡಬಹುದಾದ ಕಡೆ ಇವನೂ ಒಬ್ಬ ಎನ್ನುವುದು ಸುಳ್ಳೇನೂ ಅಲ್ಲ.

"ಹೌದಾ? ಎಲ್ಲಿ, ತೋರಿಸಪ್ಪ" ಎಂದ ಷಡ್ಡಕ. ಉಪಚಾರಪ್ಪ, ಕಳಿಸುತ್ತೇನೆ ಭಾವ ಎಂದ.

ಷಡ್ಡಕ ಅತ್ತ ಹೋದ ಮೇಲೆ ಅವನು ಹಂದರದ ಚರ್ಚೆಯ ಕಟ್ಟೆಗೆ ಹೋಗಿ ಹುಡುಕಾಡಿದ. ಅಲ್ಲಿ ಒಂದು ಮನವಿ ಬಹಳ ಕಾಲದಿಂದ ಅನಾಥವಾಗಿ ಬಿದ್ದಿತ್ತು. ಬರೆದವರು ಹಂದರದ ಬಿಡುಗಡೆಗಳ ಉಸ್ತುವಾರಿ ಹೊತ್ತಿದ್ದವರು. ಹಗಲೆಲ್ಲ ದನದ ಡಾಕ್ಟರು, ಬಿಡುವಿನಲ್ಲಿ ಈ ಕೆಲಸ. ಮುಂದಿನ ದೊಡ್ಡ ಆವೃತ್ತಿಗೆ ಯಾವುದು ಸೇರಬೇಕು, ಯಾವುದು ಹೋಗಬೇಕು, ಅದು ಯಾವಾಗ ಹೊರಬೀಳಬೇಕು ಎಂಬುದನ್ನೆಲ್ಲ ನೋಡಿಕೊಳ್ಳಲು ಯಾರಾದರೂ ಮುಂದೆ ಬನ್ನಿ, ನನಗೆ ಇನ್ನು ಆಗುವುದಿಲ್ಲ ಎಂದು ಡಾಕ್ಟರು ಅಂಗಲಾಚಿದ್ದರು. ಕೆಳಗೆ ಒಂದು ನರಪಿಳ್ಳೆಯ ಉತ್ತರವೂ ಇರಲಿಲ್ಲ.

ಭಾರ ಕಂಡಿತು. ಸುತ್ತ ಜನವೂ ಇದ್ದಾರೆಂದು ಗೊತ್ತಿತ್ತು. ಉಪಚಾರಪ್ಪನ ಬೆರಳುಗಳು ಕುರ್ಚಿಯಿಂದ ಅರ್ಧ ಎದ್ದವು ಎಂದರೆ ತಪ್ಪಾಗದು. "ಯಾರೂ ಇಲ್ಲದಿದ್ದರೆ ನಾನು ಹೊರಲು ಸಿದ್ಧ" ಎಂದು ಬರೆದ. ಅದರ ಚಿತ್ರ ತೆಗೆದು ಷಡ್ಡಕನಿಗೆ ಕಳಿಸಿದ. ಇನ್ನೇನು, ದೊಡ್ಡವರು ಯಾರಾದರೂ ಬಂದು ಬೇಡ ಬೇಡ ನಿಮಗ್ಯಾಕೆ ತೊಂದರೆ ಎನ್ನುತ್ತಾರೆ, ಮರ್ಯಾದೆಯೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ ಎಂದುಕೊಂಡು ನೆಮ್ಮದಿಯಾಗಿ ನಿದ್ದೆ ಹೋದ.

ಸೇರುವಾಗ ಹಂದರದ ನಿಯಮಗಳ ಕೆಳಗೆ "ಓದಿ ಒಪ್ಪಿದ್ದೇನೆ" ಎಂದು ಗುರುತು ಹಾಕಿದ್ದನಲ್ಲ, ಎಲ್ಲರಂತೆ ಓದದೆಯೇ ಒಪ್ಪಿದ್ದ. ಅದರಲ್ಲಿ ಒಂದು ನಿಯಮವಿತ್ತು. ಯಾರಾದರೂ ಒಂದು ಸಲಹೆ ಇಟ್ಟು ಒಂದು ವಾರದೊಳಗೆ ಯಾರೂ ಬೇಡ ಅನ್ನದಿದ್ದರೆ ಅದೇ ತೀರ್ಮಾನ. ಊರೂರುಗಳಲ್ಲಿ ಚದುರಿಹೋದ ಜನ, ಎಲ್ಲರನ್ನೂ ಕೂಡಿಸಿ ಕೈ ಎತ್ತಿಸುವುದು ಆಗದ ಮಾತು, ಅದಕ್ಕೆ ಈ ಉಪಾಯ. ಆ ವಾರ ಹಂದರದ ಮಂದಿ ಹೇಗಿದ್ದರೆಂದು ಊಹಿಸಿಕೊಳ್ಳಬೇಕು. ಮರದ ಮೇಲಿಂದ ಹಕ್ಕಿ ಹಾರಿಹೋದೀತೆಂದು ಕೆಮ್ಮು ಬಂದರೂ ತಡೆದುಕೊಂಡವರಂತೆ ಅವರು ಒಂದಕ್ಷರ ಬರೆಯದೆ ಕೂತಿದ್ದರು.

ವಾರ ಕಳೆದ ಮರುದಿನ ಡಾಕ್ಟರ ಸಂದೇಶ ಬಂತು. ಯಾರೂ ಆಕ್ಷೇಪಿಸಿಲ್ಲ, ಇನ್ನು ಉಸ್ತುವಾರಿ ನಿಮ್ಮದೇ, ಅಭಿನಂದನೆಗಳು. ಬಿಡುಗಡೆಯ ಗುಂಡಿ ಒತ್ತುವ ಅಧಿಕಾರವನ್ನೂ ಅದರ ಜೊತೆಗೇ ಕಳಿಸಿ ಡಾಕ್ಟರು ಫೋನು ಆರಿಸಿದ್ದರು.

ಉಪಚಾರಪ್ಪ ಆ ಸಂದೇಶವನ್ನು ಎರಡು ಸಲ ಓದಿದ. ಆದರೂ ಧೈರ್ಯಗೆಡದೆ, "ನನಗಿಂತ ಅರ್ಹರು ಬೇಕಾದಷ್ಟು ಜನ ಇದ್ದಾರೆ" ಎಂದು ಬರೆದ. ಅವನ ಕಚೇರಿಯಲ್ಲಾದರೆ ಈ ಒಂದು ವಾಕ್ಯದಿಂದ ಅರ್ಧ ಗಂಟೆಯ ನೀವು ನಾವು ಎಂಬ ಜಗ್ಗಾಟ ನಡೆದು, ಕೊನೆಗೆ ಅಲ್ಲಿಲ್ಲದ ಯಾರ ತಲೆಗಾದರೂ ಕೆಲಸ ಕಟ್ಟುತ್ತಿದ್ದರು. ಹಂದರದ ಜನಕ್ಕೆ ಈ ಸಂಸ್ಕಾರವಿರಲಿಲ್ಲ. ಎಂಥ ವಿನಯವಂತರು ಎಂದು ಒಬ್ಬ ಬರೆದ, ಉಳಿದವರು ಅದಕ್ಕೆ ಹೆಬ್ಬೆರಳು ಎತ್ತಿದರು. ಹಾಗೆ ಬರೆದವನಿಗೆ ಅಲ್ಲಿ ಬುಡಮೇಲು ಎಂಬ ಅಡ್ಡಹೆಸರಿತ್ತು. ಇದ್ದದ್ದನ್ನೆಲ್ಲ ಬುಡಸಮೇತ ಕಿತ್ತು ಹೊಸದಾಗಿ ಕಟ್ಟಬೇಕೆಂದು ಪ್ರತಿ ಸಲವೂ ವಾದಿಸುತ್ತಿದ್ದವನು ಅವನು.

ಮನೆಯಲ್ಲಿ ಸುದ್ದಿ ಹರಡಿದ ಬಗೆಯನ್ನು ಹೇಳಬೇಕಾಗಿಲ್ಲ, ಅತ್ತೆ ಇದ್ದರು. ಅವರು ವಿಷಯವನ್ನು ತಮಗೆ ಅರ್ಥವಾದಷ್ಟಕ್ಕೆ ಸರಳ ಮಾಡಿಕೊಂಡಿದ್ದರು. ಲೋಕದ ವೆಬ್‌ಸೈಟುಗಳೆಲ್ಲ ಇನ್ನು ಮುಂದೆ ನಮ್ಮ ಅಳಿಯಂದಿರನ್ನು ಕೇಳಿ ನಡೆಯುತ್ತವೆ ಎಂದು ಬೀದಿಗೆ ತಿಳಿಯಿತು. ಸಂಜೆಯೊಳಗೆ ಜನ ಬರತೊಡಗಿದರು. ನಡುಮನೆಯಲ್ಲಿ ಬೀರು ಇದ್ದದ್ದರಿಂದ ಒಂದು ಅನುಕೂಲವಾಯಿತು. ಕಾಯುವವರು ಅದರ ಆಚೆ, ಮಾತಾಡುವವರು ಈಚೆ. ಅತ್ತೆ ಬೀರುವಿನ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಬಿಡುತ್ತಿದ್ದರು.

ಎದುರುಮನೆಯ ನಿವೃತ್ತ ಹೆಡ್ಮಾಸ್ಟರು ಮೊದಲು ಬಂದರು. ವೆಬ್‌ಸೈಟುಗಳಲ್ಲಿ ಅಕ್ಷರ ಇರುವೆಯ ಕಾಲಿನಷ್ಟು ಸಣ್ಣದಾಗುತ್ತಿದೆ, ಮುಂದಿನ ಆವೃತ್ತಿಯಲ್ಲಿ ಎಲ್ಲ ಕಡೆ ದೊಡ್ಡದು ಮಾಡಬೇಕು ಎಂದರು. ಉಪಚಾರಪ್ಪ ಆಗಲಿ ಎಂದ. ಬೀದಿ ಕೊನೆಯ ದರ್ಜಿಯಮ್ಮ ಬಂದು, ಎಲ್ಲಿಗೆ ಹೋದರೂ ಪಾಸ್‌ವರ್ಡ್ ಕೇಳುವ ಕಾಟ ತಪ್ಪಿಸಿ ಎಂದರು. ಅದಕ್ಕೂ ಆಗಲಿ ಎಂದ. ಷಡ್ಡಕ ಫೋನು ಮಾಡಿ, ಹಂದರದ ಮುಖಪುಟದಲ್ಲಿ ತನ್ನ ವಿಮಾ ಕಂಪನಿಯ ಹೆಸರು ಸ್ವಲ್ಪ ಕಾಣುವ ಹಾಗೆ ಹಾಕಿಸಲು ಆಗುತ್ತದಾ ಎಂದು ಕೇಳಿದ. ಉಪಚಾರಪ್ಪ ಫೋನಿಗೆ ತಲೆಯಾಡಿಸಿದ.

ಇಷ್ಟರಲ್ಲಿ ಅತ್ತೆ ತಮ್ಮ ಮಗಳಿಂದ ಆ ಒಂದು ವಾರದ ನಿಯಮವನ್ನು ಕೇಳಿ ತಿಳಿದುಕೊಂಡರು. ಅದು ಅವರಿಗೆ ಬಹಳ ಹಿಡಿಸಿತು.

"ಎಷ್ಟು ಚೆನ್ನಾಗಿದೆ. ಮನೇಲೂ ಹಾಗೇ ಮಾಡೋಣ. ಬೆಳಿಗ್ಗೆ ನಾನೊಂದು ಮಾತು ಹೇಳ್ತೀನಿ. ರಾತ್ರಿ ಊಟದೊಳಗೆ ಯಾರೂ ಬೇಡ ಅನ್ನದಿದ್ರೆ ಅದೇ ತೀರ್ಮಾನ" ಎಂದರು.

ಇದಕ್ಕೂ ಯಾರೂ ಬೇಡ ಅನ್ನಲಿಲ್ಲವಾದ್ದರಿಂದ ಅಂದೇ ಜಾರಿಗೆ ಬಂತು. ಹೆಂಡತಿ ಚುರುಕು, ಬೇಡದ್ದಕ್ಕೆ ತಕ್ಷಣ ಬೇಡ ಎನ್ನುತ್ತಿದ್ದಳು. ಉಪಚಾರಪ್ಪನ ಬಾಯಿಗೆ ಬೀಗ. ಹೀಗಾಗಿ ಕೆಲವೇ ದಿನಗಳಲ್ಲಿ ಟೀವಿ ಅತ್ತೆಯ ಕೋಣೆಗೆ ಹೋಯಿತು, ಮೇಲಿನ ಅಟ್ಟ ಗುಡಿಸುವ ಕೆಲಸ ಅವನ ಭಾನುವಾರದ ನಿದ್ದೆಯ ಜಾಗಕ್ಕೆ ಬಂತು, ಬೆಳಗಿನ ಬಿಸಿನೀರಿನ ಸರದಿಯಲ್ಲಿ ಅವನು ಎಲ್ಲರಿಗಿಂತ ಹಿಂದೆ ಬಿದ್ದ.

ಕಚೇರಿಯಲ್ಲಿ ಸಾಹೇಬರು ಅವನನ್ನು ಕರೆಸಿ ಚಕ್ರವಿರುವ ಕುರ್ಚಿ ಕೊಡಿಸಿದರು. ಇಷ್ಟು ದೊಡ್ಡ ಮನುಷ್ಯರು ನಮ್ಮಲ್ಲೇ ಇದ್ದದ್ದು ಗೊತ್ತಿರಲಿಲ್ಲ ಎಂದು ಹೊಗಳಿ, ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಹೊರಗೆ ಬೆಂಚಿನ ಮೇಲೆ ಖಾಸಗಿ ಕಂಪನಿಯವನೊಬ್ಬ ಚೀಲ ಹಿಡಿದು ಕೂತಿದ್ದ. ನೀರಿನ ದೂರು ದಾಖಲಿಸುವ ಹೊಸ ಪುಟ ಮಾಡಿಕೊಡುತ್ತೇನೆಂದು ಅವನು ಸಾಹೇಬರ ಬೆನ್ನುಬಿದ್ದಿದ್ದ.

"ನಮ್ಮ ದೂರಿನ ಪುಟ ಗಟ್ಟಿಯಾಗಿದೆ ತಾನೇ? ಅದೇನಾದ್ರೂ ನಿಂತುಹೋದ್ರೆ ಇವನಿಗೇ ಕೊಡಬೇಕಾಗತ್ತೆ. ಆಮೇಲೆ ನಿಮಗೆ ಪೈಪು ಗೋದಾಮೇ ಗತಿ, ನೋಡಿ" ಎಂದರು ಸಾಹೇಬರು.

ಪೈಪು ಗೋದಾಮಿಗೆ ಹೋದವರು ನಿವೃತ್ತಿಯ ದಿನ ಮೈಯೆಲ್ಲ ತುಕ್ಕು ಹಿಡಿದು ಹೊರಗೆ ಬರುತ್ತಾರೆಂದು ಕಚೇರಿಯಲ್ಲಿ ಪ್ರತೀತಿಯಿತ್ತು. ಆದರೆ ಉಪಚಾರಪ್ಪನಿಗೆ ಗೋದಾಮಿಗಿಂತ ಪುಟದ್ದೇ ಚಿಂತೆ. ದೂರಿನ ಪುಟ ಅವನದೇ ಕೈಕೆಲಸ. ಹಿಂದೊಮ್ಮೆ ಸಾಹೇಬರು ಇದನ್ನು ಯಾರು ಮಾಡುತ್ತೀರಿ ಎಂದಾಗ ಇವನು ಎಂದಿನಂತೆ ಅರ್ಧ ಎದ್ದ. ಬೇಡ ಅನ್ನಬೇಕಾದವರೆಲ್ಲ ಚಹಾಕ್ಕೆ ಹೋಗಿದ್ದರು. ಹಾಗೆ ತಲೆಗೆ ಬಿದ್ದ ಕೆಲಸವನ್ನು ಹಂದರದ ಮೇಲೆ ಅವನು ತಿಂಗಳುಗಟ್ಟಲೆ ಕೂತು ಕಟ್ಟಿದ್ದ. ನಲ್ಲಿ ಒಣಗಿದವರು ಅದರಲ್ಲಿ ದೂರು ಬರೆದರೆ ಕೆಂಪು ಗುರುತು ಬೀಳುತ್ತಿತ್ತು, ನೀರು ಬಂದ ಮೇಲೆ ಅದು ಹಸಿರಾಗುತ್ತಿತ್ತು. ದಿನಾ ಬೆಳಿಗ್ಗೆ ಎಷ್ಟು ಹಸಿರಾಗಿವೆ ಎಂದು ನೋಡಿಯೇ ಅವನು ಕೆಲಸ ಶುರುಮಾಡುತ್ತಿದ್ದ. ಬದುಕಿನಲ್ಲಿ ಅವನು ಪೂರ್ತಿ ಎದ್ದು ಹೊತ್ತದ್ದು ಅದೊಂದನ್ನೇ, ಅದರ ಮೇಲೆ ಅವನಿಗೆ ಪ್ರಾಣ.

ಅತ್ತ ಹಂದರದ ಮುಂದಿನ ಆವೃತ್ತಿಯ ಯೋಜನೆ ದಿನದಿಂದ ದಿನಕ್ಕೆ ಊದಿಕೊಳ್ಳುತ್ತಿತ್ತು. ಉಸ್ತುವಾರಿ ವಹಿಸಿದವರು ಯಾವುದಕ್ಕೂ ಬೇಡ ಅನ್ನುವುದಿಲ್ಲ ಎಂಬ ಸುದ್ದಿ ಹಬ್ಬಿ ಎಲ್ಲಿಲ್ಲದವರೂ ಬಂದು ಸಲಹೆ ಇಟ್ಟರು. ಎಲ್ಲದಕ್ಕೂ ಆಗಲಿ. ಅವುಗಳಲ್ಲಿ ಒಂದಕ್ಕೊಂದು ವಿರುದ್ಧವಾದವೂ ಇದ್ದವು, ಅವಕ್ಕೂ ಬೇರೆ ಬೇರೆಯಾಗಿ ಆಗಲಿ. ಬುಡಮೇಲು ಬಂದು ದೊಡ್ಡ ಪ್ರಬಂಧವನ್ನೇ ಬರೆದ. ಅದರ ಸಾರ, ಹಂದರದ ಹಳೆಯ ಅರ್ಜಿ ಭಾಗವನ್ನು, ಎಂದರೆ ಜನ ತುಂಬಿದ ಹೆಸರು ವಿಳಾಸ ದೂರುಗಳನ್ನು ಒಳಗೆ ತೆಗೆದುಕೊಳ್ಳುವ ಭಾಗವನ್ನು, ಕಿತ್ತೆಸೆದು ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಉಪಚಾರಪ್ಪ ಅರ್ಧ ಓದಿ, ಆಯಾಸವಾಗಿ, ಆಗಲಿ ಎಂದು ಬರೆದ.

ಮರುದಿನ ಕಚೇರಿಯಲ್ಲಿ ದೂರಿನ ಪುಟದ ಏನೋ ಸಣ್ಣ ರಿಪೇರಿಗೆಂದು ಅದರ ಒಳಗು ಬಿಚ್ಚಿದ. ನೋಡಿದರೆ ಇಡೀ ಪುಟ ನಿಂತದ್ದೇ ಆ ಹಳೆಯ ಅರ್ಜಿ ಭಾಗದ ಮೇಲೆ. ಕೂತ ಕೊಂಬೆಯನ್ನು ಕಡಿಯಿರಿ ಎಂದು ಅವನೇ ಅನುಮತಿ ಕೊಟ್ಟಿದ್ದ. ಚಕ್ರದ ಕುರ್ಚಿ ತಾನಾಗಿಯೇ ಸ್ವಲ್ಪ ಹಿಂದಕ್ಕೆ ಸರಿಯಿತು.

ಭಾನುವಾರ ಹಂದರದ ಬಹಿರಂಗ ಸಭೆಯಿತ್ತು, ಎಲ್ಲರೂ ಅವರವರ ಮನೆಯಿಂದಲೇ ಪರದೆಯ ಮೇಲೆ ಕೂಡುವುದು. ಅಲ್ಲಿ ಒಪ್ಪಿದ ಯೋಜನೆಯೇ ಅಂತಿಮ. ಉಪಚಾರಪ್ಪ ಡಾಕ್ಟರಿಗೆ ಫೋನು ಹಚ್ಚಿದ. ಎಷ್ಟೋ ಹೊತ್ತು ಹೊಡೆದುಕೊಂಡ ಮೇಲೆ ಡಾಕ್ಟರು ಎತ್ತಿದರು. ಹಿಂದೆ ಒಂದು ಹಸು ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು. ಇವನೂ ತನ್ನದನ್ನು ಹೇಳಿಕೊಂಡ.

"ಉಸ್ತುವಾರಿ ಅಂದ್ರೆ ಏನು ಅಂದ್ಕೊಂಡಿದ್ರಿ? ಬರೆಯೋಕೆ ಬೇಕಾದಷ್ಟು ಜನ ಇದಾರೆ. ಬೇಡ ಅನ್ನೋಕೆ ಒಬ್ಬ ಬೇಕು, ಅಷ್ಟೇ. ಇಷ್ಟು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ" ಎಂದರು ಡಾಕ್ಟರು.

"ಅದು ಹೇಗೆ ಬರತ್ತೆ ಸರ್ ಬಾಯಲ್ಲಿ?"

"ನಾನು ದನಗಳ ಹತ್ರ ಅಭ್ಯಾಸ ಮಾಡಿದೆ. ಅವು ಬೇಜಾರು ಮಾಡ್ಕೊಳಲ್ಲ."

ಉಪಚಾರಪ್ಪನ ಮನೆಯಲ್ಲಿ ದನವಿರಲಿಲ್ಲ. ಹೆಂಡತಿಯೇ ಅಭ್ಯಾಸ ಮಾಡಿಸಲು ಕೂತಳು. ತಾನು ಏನೇ ಕೇಳಿದರೂ ಬೇಡ ಎನ್ನಬೇಕು ಎಂದು ಎರಡು ಸಲ ತಿಳಿಸಿ ಹೇಳಿ, "ಇನ್ನೊಂದು ಲೋಟ ಕಾಫಿ ಕೊಡ್ಲಾ?" ಎಂದಳು. ಅವನು ಬೇ ಎಂಬವರೆಗೆ ಬಂದು, ಅವಳ ಮುಖ ನೋಡಿ, "ನೀನು ಇಷ್ಟು ಕೇಳ್ತಾ ಇದೀಯ, ಅರ್ಧ ಲೋಟ ಕೊಡು" ಎಂದ. ಹೀಗೇ ಸಂಜೆಯವರೆಗೂ ನಡೆಯಿತು. ಕೊನೆಗೆ ಮನೆಯಲ್ಲಿ ಕಾಫಿಪುಡಿ ಮುಗಿಯಿತು, ಬೇಡ ಎನ್ನುವ ಶಬ್ದ ಮಾತ್ರ ಪೂರ್ತಿಯಾಗಲಿಲ್ಲ. ಅವಳು ತಲೆ ಚಚ್ಚಿಕೊಳ್ಳುತ್ತಲೇ ನಕ್ಕುಬಿಟ್ಟಳು. ಆಮೇಲೆ ಗಂಭೀರವಾಗಿ, "ಆ ಹಸಿರು ಗುರುತುಗಳನ್ನ ನೆನೆಸಿಕೊಂಡು ಮಾತಾಡಿ, ಬರತ್ತೆ" ಎಂದಳು.

ಭಾನುವಾರ ಬಂತು. ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರೆದುರು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಉಪಚಾರಪ್ಪ, ಬೆನ್ನ ಹಿಂದೆ ಗೋಡೆಯಂತೆ ಬೀರು. ಬೀರುವಿನ ಆಚೆ ಬಂಧುಬಳಗವೂ ಬೀದಿಯೂ ಸೇರಿತ್ತು. ಹೆಡ್ಮಾಸ್ಟರು ಭೂತಗನ್ನಡಿ ತಂದಿದ್ದರು. ತಮ್ಮ ತಮ್ಮ ಬೇಡಿಕೆ ಪಾಸಾಗುವುದನ್ನು ಕಣ್ಣಾರೆ ನೋಡುವುದು ಎಲ್ಲರ ಉದ್ದೇಶ. ಸದ್ದು ಮಾಡಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು.

ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು ಕಾಣಿಸಿಕೊಂಡವು. ಒಂದರಲ್ಲಿ ಡಾಕ್ಟರು, ಕೊಟ್ಟಿಗೆಯಿಂದಲೇ. ಇನ್ನೊಂದರಲ್ಲಿ ಬುಡಮೇಲು, ತೆಳ್ಳಗಿನ ಮನುಷ್ಯ, ಕಣ್ಣಲ್ಲಿ ನಿದ್ದೆಯಿಲ್ಲ. ಅವನು ಮಾತು ಶುರುಮಾಡಿದ. ಅರ್ಜಿ ಭಾಗ ಹೋಗಬೇಕು, ಅದರ ಕೆಳಗಿನದೂ ಹೋಗಬೇಕು, ಕೆಳಗಿನದರ ಕೆಳಗೆ ಏನಾದರೂ ಉಳಿದಿದ್ದರೆ ಅದನ್ನೂ ಬಿಡಬಾರದು ಎಂದು ಹೇಳುತ್ತಲೇ ಹೋದ. ಚೌಕಗಳಲ್ಲಿ ಒಬ್ಬರು ಆಕಳಿಸುತ್ತಿದ್ದರು, ಒಬ್ಬರು ತಲೆ ಬಾಚಿಕೊಳ್ಳುತ್ತಿದ್ದರು, ಯಾರೂ ಎದುರಾಡುತ್ತಿರಲಿಲ್ಲ. ಉಪಚಾರಪ್ಪ ಬೇಡ ಎನ್ನಲು ಬಾಯಿ ತೆರೆದ, ಬೇ ಎಂಬಲ್ಲಿಗೇ ನಿಂತ.

ಆ ಹೊತ್ತಿಗೆ ಸರಿಯಾಗಿ ಷಡ್ಡಕ ಬೀರು ದಾಟಿ ಅಡ್ಡಡ್ಡವಾಗಿ ನುಸುಳಿ ಬಂದು ಅವನ ಕಿವಿಯ ಹತ್ತಿರ ಬಗ್ಗಿದ. ಮುಖಪುಟದಲ್ಲಿ ತನ್ನ ಕಂಪನಿಯ ಹೆಸರಿನ ಜೊತೆಗೆ ತನ್ನದೂ ಒಂದು ಫೋಟೋ ಹಾಕಿಸಲು ಆಗುತ್ತದಾ ಎಂದು ಪಿಸುಗುಟ್ಟಿದ. ಉಪಚಾರಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಷಡ್ಡಕ ಅವನ ಭುಜ ಹಿಡಿದು ಅಲ್ಲಾಡಿಸಿದ. "ಏನಪ್ಪಾ, ನಿನ್ನ ಕೈಲಿದೆ ಅಂದಿದ್ದೆಯಲ್ಲ, ಬರೀ ಬಾಯಿಮಾತಾ?"

ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆಗ ಹೊರಬಿತ್ತು.

"ಬೇಡ. ಈ ಸಲ ಅದಾಗಲ್ಲ. ಮೊದಲು ಇರೋದನ್ನ ನೆಟ್ಟಗೆ ನಿಲ್ಲಿಸೋಣ" ಎಂದ ಉಪಚಾರಪ್ಪ. ಸ್ವಲ್ಪ ಗಟ್ಟಿಯಾಗಿಯೇ ಎಂದ. ಮೈಕು ತೆರೆದೇ ಇತ್ತು.

ಷಡ್ಡಕ ಪಿಸುಗುಟ್ಟಿದ್ದು ಯಾರಿಗೂ ಕೇಳಿಸಿರಲಿಲ್ಲ, ಇವನು ಅಂದದ್ದು ಲೋಕಕ್ಕೆಲ್ಲ ಕೇಳಿಸಿತು. ಬುಡಮೇಲು ಮಾತಿನ ಮಧ್ಯೆ ನಿಂತ. ಆಕಳಿಸುತ್ತಿದ್ದವರ ಬಾಯಿ ಹಾಗೆಯೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಬುಡಮೇಲಿಗೆ ಜನ ಸುಸ್ತಾಗಿ ಸುಮ್ಮನಾಗಿದ್ದರೇ ಹೊರತು, ಮುಖಕ್ಕೆ ಬೇಡ ಅಂದವರು ಡಾಕ್ಟರನ್ನು ಬಿಟ್ಟರೆ ಯಾರೂ ಇರಲಿಲ್ಲ. ಬೀರುವಿನ ಆಚೆಯಿಂದ ಅತ್ತೆಯ ದನಿ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಬಂತು. "ಯಾರಿಗಾದ್ರೂ ಆಕ್ಷೇಪಣೆ ಇದೆಯಾ ಕೇಳಿ ಅಳಿಯಂದ್ರೇ."

ಯಾರಿಗೂ ಇರಲಿಲ್ಲ. ಡಾಕ್ಟರು ಕೊಟ್ಟಿಗೆಯಲ್ಲಿ ಕೂತು ಹಲ್ಲು ಕಿಸಿಯುತ್ತಿದ್ದರು.

ಕೊನೆಗೆ ಬುಡಮೇಲು ಮಾತಾಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ದನಿ ಮೆತ್ತಗಾಗಿತ್ತು.

"ಸರಿ, ಕೀಳೋದು ಬೇಡ. ಆದ್ರೆ ಆ ಅರ್ಜಿ ಭಾಗವನ್ನ ನೋಡಿಕೊಳ್ಳೋರು ಯಾರು? ವರ್ಷಗಳಿಂದ ಯಾರೂ ಮುಟ್ಟಿಲ್ಲ, ಒಳಗೊಳಗೇ ಲಡ್ಡಾಗ್ತಿದೆ. ಒಂದಿನ ಎಲ್ಲರ ತಲೆ ಮೇಲೂ ಬೀಳತ್ತೆ. ಅದಕ್ಕೇ ನಾನು ಕಿತ್ತುಹಾಕಿ ಅಂತಿದ್ದದ್ದು."

ನ್ಯಾಯವಾದ ಮಾತು. ಚೌಕಗಳಲ್ಲಿದ್ದ ಮುಖಗಳೆಲ್ಲ ಮೇಲಕ್ಕೆ ಕೆಳಕ್ಕೆ ನೋಡತೊಡಗಿದವು. ಭಾರವನ್ನು ಕಂಡ ಮುಖಗಳು ಹೇಗಿರುತ್ತವೆಂದು ಉಪಚಾರಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಬಾಯಿ ಬಿಟ್ಟ. ತಾನು ಉಸ್ತುವಾರಿಗೆ ಮುಂದೆ ಬಂದದ್ದು ಉಪಚಾರಕ್ಕೆ, ಯಾರಾದರೂ ಬೇಡ ಅಂದಾರು ಎಂದು, ಷಡ್ಡಕನಿಗೆ ತೋರಿಸಲು ಎಂಬುದನ್ನೆಲ್ಲ ಹೇಳಿಬಿಟ್ಟ. ತನ್ನ ನೀರಿನ ಕಚೇರಿಯ ದೂರಿನ ಪುಟ ಆ ಹಳೆಯ ಭಾಗದ ಮೇಲೆ ನಿಂತಿದೆ, ಅದು ಬಿದ್ದರೆ ತಾನೂ ಬಿದ್ದಂತೆ ಎಂದೂ ಹೇಳಿದ. ಪಕ್ಕದಲ್ಲೇ ಇದ್ದ ಷಡ್ಡಕ ಬೀರುವಿನ ಬಾಗಿಲಿನ ಹಿಡಿಕೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

"ನಾವೆಲ್ಲ ಬಂದಿದ್ದೂ ಹಾಗೇ ಕಣ್ರೀ" ಎಂದರು ಡಾಕ್ಟರು.

ಉಪಚಾರಪ್ಪ ಕುರ್ಚಿಯಿಂದ ಎದ್ದ. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ, ಪೂರ್ತಿ ಎದ್ದು ನಿಂತ. ಪರದೆಯಲ್ಲಿ ಅವನ ತಲೆ ಮಾಯವಾಗಿ ಬರೀ ಅಂಗಿಯ ಗುಂಡಿಗಳು ಕಾಣಿಸಿದವು. "ಅರ್ಜಿ ಭಾಗವನ್ನ ನಾನು ನೋಡಿಕೊಳ್ತೀನಿ. ನನಗೆ ಪೂರ್ತಿ ಬರಲ್ಲ, ಕಲಿತುಕೊಳ್ತೀನಿ" ಎಂದವು ಗುಂಡಿಗಳು.

ಮತ್ತೆ ಮೌನ. ಇಂಥ ಮೌನದಲ್ಲಿ ಅವನು ಆವರೆಗೆ ಕಾದಿದ್ದದ್ದು ಒಂದೇ ಮಾತಿಗೆ. ಈಗ ಮಾತ್ರ ಯಾರಾದರೂ ಆ ಮಾತು ಅಂದುಬಿಟ್ಟರೆ ಏನು ಗತಿ ಎಂದು ಅವನಿಗೆ ಭಯವಾಯಿತು. ಅಷ್ಟು ಆಸೆಯಾಗಿತ್ತು ಅವನಿಗೆ ಆ ಕೆಲಸದ ಮೇಲೆ.

ಯಾರೂ ಬೇಡ ಅನ್ನಲಿಲ್ಲ. "ಎಲ್ಲೆಲ್ಲಿ ಕೊಳೆತಿದೆ ಅಂತ ನನಗೆ ಗೊತ್ತು. ತೋರಿಸಿಕೊಡ್ತೀನಿ" ಎಂದ ಬುಡಮೇಲು. ಹೆಂಡತಿ ಬೀರುವಿನ ಸಂದಿಯಿಂದ ಅವನನ್ನೇ ನೋಡುತ್ತಿದ್ದಳು, ಅವಳ ಕಣ್ಣು ತುಂಬಿತ್ತು.

ಆ ಮೇಲೆ ಕೆಲಸ ಸಲೀಸಾಯಿತು. ಒಮ್ಮೆ ಬಾಯಿಗೆ ಬಂದ ಶಬ್ದ ಮತ್ತೆ ಮತ್ತೆ ಬಂತು. ಯೋಜನೆಯ ಊತ ಇಳಿಯಿತು. ಪಾಸ್‌ವರ್ಡ್ ತೆಗೆಯಲಾಗದೆಂದು ದರ್ಜಿಯಮ್ಮನಿಗೂ, ಕನ್ನಡಕ ಬದಲಾಯಿಸಿ ನೋಡಿ ಎಂದು ಹೆಡ್ಮಾಸ್ಟರಿಗೂ ಉಪಚಾರಪ್ಪ ಕೈಮುಗಿದೇ ಹೇಳಿದ. ಹೆಡ್ಮಾಸ್ಟರು ಬದಲಾಯಿಸಿದರು, ಅಕ್ಷರಗಳು ದೊಡ್ಡದಾದವು, ಹೊಸ ಆವೃತ್ತಿ ಚೆನ್ನಾಗಿದೆ ಎಂದು ಅದು ಹೊರಬೀಳುವ ಮೊದಲೇ ಬೀದಿಯಲ್ಲಿ ಹೊಗಳಿಕೊಂಡು ಬಂದರು. ಹಂದರ ಹೇಳಿದ ದಿನಕ್ಕೆ ಬಿಡುಗಡೆಯಾಯಿತು. ದೂರಿನ ಪುಟದಲ್ಲಿ ಗುರುತುಗಳು ಎಂದಿನಂತೆ ಹಸಿರಾದವು. ಸಾಹೇಬರು ಅವನನ್ನು ಒಳಗೆ ಕರೆದು, ಹೊರಗೆ ಕೂತಿರುವ ಕಂಪನಿಯವನಿಗೆ ಬೇಡ ಎಂದು ನೀವೇ ಹೇಳಿ ಕಳಿಸಿಬಿಡಿ, ನನಗೆ ದಾಕ್ಷಿಣ್ಯ ಎಂದು ಕೇಳಿಕೊಂಡರು. ಉಪಚಾರಪ್ಪ ಹೇಳಿ ಕಳಿಸಿದ.

ಕೆಲವು ವಾರಗಳ ಮೇಲೆ ಷಡ್ಡಕ ಮತ್ತೆ ಊಟಕ್ಕೆ ಬಂದ. ಫೋಟೋದ ವಿಷಯ ಎತ್ತಲಿಲ್ಲ. ಊಟವಾಗಿ, ಕೈ ಒರೆಸಿಕೊಂಡು, ಬೀರುವಿನ ಮುಂದೆ ನಿಂತು ಎಂದಿನಂತೆ ತೋಳು ಮಡಿಸಿದ.

"ಏನಪ್ಪಾ, ಎತ್ತಿಟ್ಟುಬಿಡೋಣ್ವಾ?"

ಉಪಚಾರಪ್ಪ ಒಂದು ಮಾತೂ ಆಡಲಿಲ್ಲ. ಷಡ್ಡಕ ತೋಳು ಮಡಿಸಿದ್ದನ್ನು ಹಾಗೆಯೇ ಹಿಡಿದು, ಬರಬೇಕಾದ ಉತ್ತರಕ್ಕೆ ಕಾದ. ಉಪಚಾರಪ್ಪನ ಹೆಂಡತಿಯ ಕಡೆ ನೋಡಿದ, ಅವಳು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅತ್ತೆಯ ಕಡೆ ನೋಡಿದ. ಅವರು ಗಡಿಯಾರ ನೋಡುತ್ತಿದ್ದರು.

"ಯಾರೂ ಬೇಡ ಅನ್ನಲಿಲ್ಲ" ಎಂದರು ಅತ್ತೆ, ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆಯುತ್ತ. "ಹಿಡೀರಿ ದೊಡ್ಡ ಅಳಿಯಂದ್ರೇ. ಭಾರದ ಕಡೆ ನಿಮ್ಮದು."